ಠಸ್ಸೆ ಹಿಡಿಯ ಮೇಲೊಂದು ಮುಖ

ಭೂತಗನ್ನಡಿ ಮೇಷ್ಟ್ರ ಕೈ ಸ್ಥಿರ, ಕಣ್ಣು ಚುರುಕು. ಕಿವಿಯನ್ನು ಮಾತ್ರ ದೇವರು ಅವರ ಮಾತನ್ನೇ ಅವರು ಕೇಳಿಸಿಕೊಳ್ಳಲಿ ಅಂತ ಕೊಟ್ಟಿದ್ದಾನೆ ಎಂದು ಅವರ ಹೆಂಡತಿ ಹೇಳುತ್ತಿದ್ದರು. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಮನುಷ್ಯ. ಮರದ ಚಿಕ್ಕಪುಟ್ಟ ಸಾಮಾನುಗಳ ಮೇಲೆ ಉಗುರಿನಷ್ಟಗಲದ ಮುಖ ಬರೆಯುವುದು ಅವರಿಗೆ ಹಿಡಿದ ಹುಚ್ಚು. ಮಾತ್ರೆ ಡಬ್ಬಿಯ ಮುಚ್ಚಳ, ಚದುರಂಗದ ಕಾಯಿ, ಬಾಚಣಿಗೆಯ ಬೆನ್ನು, ಬೀಗದ ಕೈಯ ಬಿಲ್ಲೆ, ಯಾವುದಾದರೂ ಸರಿ. ಹಣೆಗೆ ಪಟ್ಟಿ ಬಿಗಿದು, ಅದಕ್ಕೆ ಸಿಕ್ಕಿಸಿದ ಭೂತಗನ್ನಡಿಯೊಳಗಿಂದ ಅವರು ತಲೆಯೆತ್ತಿ ನೋಡಿದರೆ ಎದುರಿಗಿದ್ದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಕಣ್ಣು ಅಷ್ಟು ದೊಡ್ಡದಾಗಿ ಕಾಣುತ್ತಿತ್ತು.

ಮನೆಯ ಮುಂದಿನ ಕೋಣೆಯಲ್ಲಿ ವಾರಕ್ಕೆರಡು ಬೆಳಿಗ್ಗೆ ಪಾಠ. ಕಲಿಯುವವರು ಮೂವರು. ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು, ಅವರಿಗೆ ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಒಬ್ಬ ಹಲ್ಲಿನ ಡಾಕ್ಟರಮ್ಮ, ಅವರಿಗೆ ಹೊತ್ತೇ ಸಿಗುತ್ತಿರಲಿಲ್ಲ. ಇನ್ನೊಬ್ಬಳು ಪಕ್ಕದ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡು ಮಕ್ಕಳ ಬಟ್ಟೆ ಹೊಲಿಯುವವಳು, ಎಲ್ಲರೂ ಟೈಲರಮ್ಮ ಅನ್ನುತ್ತಿದ್ದರು. ಮೂವತ್ತರ ಆಸುಪಾಸಿನವಳು, ಮಾತು ಕಡಿಮೆ. ಕೂತಲ್ಲಿಂದ ಏಳುವ ಹೊತ್ತಿಗೆ ಕೆಲಸ ಮಾತ್ರ ಮುಗಿದಿರುತ್ತಿತ್ತು. ಮೇಷ್ಟ್ರು ಅವಳನ್ನು ಒಮ್ಮೆಯೂ ಹೊಗಳಿರಲಿಲ್ಲ. ಚೆನ್ನಾಗಿ ಮಾಡುವವರನ್ನು ಹೊಗಳಿದರೆ ಕೆಟ್ಟುಹೋಗುತ್ತಾರೆ ಎಂಬುದು ಅವರ ನಂಬಿಕೆ. ಡಾಕ್ಟರಮ್ಮನನ್ನು ದಿನಾ ಹೊಗಳುತ್ತಿದ್ದರು.

ಒಂದು ಬೆಳಿಗ್ಗೆ ಪಾಠ ನಡೆಯುತ್ತಿದ್ದಾಗ ಬಾಗಿಲಲ್ಲಿ ಒಬ್ಬ ನರ್ಸ್ ಬಂದು ನಿಂತಳು. ಡ್ಯೂಟಿ ಮುಗಿಸಿ ನೇರ ಬಂದಿದ್ದಳು. ಕೈಚೀಲದಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಬಿಚ್ಚಿದಳು. ಒಳಗಿದ್ದದ್ದು ಒಂದು ಠಸ್ಸೆಯ ಹಿಡಿ. ಮುದ್ರೆಯ ಕಬ್ಬಿಣ ಇರಲಿಲ್ಲ, ಮರದ ಹಿಡಿ ಮಾತ್ರ, ಕೈಯೊಳಗೆ ಅಡಗುವಷ್ಟು. ಹಿಡಿದೂ ಹಿಡಿದೂ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು.

"ಅಪ್ಪಂದು ಸರ್," ಎಂದಳು. "ಅಂಚೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಠಸ್ಸೆ ಹೊಡೆದ್ರು. ರಿಟೈರ್ ಆದಾಗ ಆಫೀಸಿನವರು ಹಿಡಿ ಬಿಚ್ಚಿ ಕೊಟ್ಟುಬಿಟ್ರಂತೆ, ಠಸ್ಸೆಗೆ ಹೊಸದು ಹಾಕ್ಕೊಂಡ್ರಂತೆ. ಹೋದ ವರ್ಷ ಅಪ್ಪ ತೀರ್ಕೊಂಡ್ರು. ಇದರ ಮೇಲೆ ಅವರ ಮುಖ ಬರೆಸ್ಬೇಕು. ನನ್ನ ಮಕ್ಕಳಿಗೆ ಗೊತ್ತಾಗ್ಬೇಕು ನೋಡಿ, ಇದು ಯಾರದ್ದು ಅಂತ."

ಮೇಷ್ಟ್ರು ಹಿಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅವರ ಕಣ್ಣು ಅರಳಿತು. "ನೋಡಿ ಮ್ಯಾನೇಜರೇ, ಇದಪ್ಪಾ ಮರ ಅಂದ್ರೆ! ಎಳೆ ನೋಡಿ, ಒಂದು ಗಂಟು ಇಲ್ಲ. ಈಗಿನ ಕಾಲದ ಮರಕ್ಕೆ ಈ ಗಡಸುತನ ಎಲ್ಲಿಂದ ಬರ್ಬೇಕು?"

"ಸರ್, ಈಚೆ ಕಡೆ ಬರೀಬೇಕು," ನರ್ಸ್ ಹೇಳುತ್ತಿದ್ದಳು. "ಆಚೆ ಕಡೆ ಹೆಬ್ಬೆರಳಿಟ್ಟೂ ಇಟ್ಟೂ ಕುಳಿ ಬಿದ್ದಿದೆ ನೋಡಿ, ಅದನ್ನ ಮಾತ್ರ ಮುಟ್ಬೇಡಿ. ಯಾಕಂದ್ರೆ ನಮ್ಮಮ್ಮ..."

"ಆಯ್ತಮ್ಮ, ಆಯ್ತು. ಫೋಟೋ ತಂದಿದ್ದೀಯಾ? ಎಲ್ಲಿ, ಕೊಡು. ಡಾಕ್ಟರಮ್ಮ, ಈ ಗದ್ದ ನೋಡಿ, ಇಂಥ ಗದ್ದ ಸಿಗೋದು ನಮ್ಮ ಪುಣ್ಯ."

ನರ್ಸ್ ಇನ್ನೊಂದು ಸಲ ಬಾಯಿ ತೆರೆದಳು. ಮೇಷ್ಟ್ರು ಹದಿನೈದು ದಿನ ಬಿಟ್ಟು ಬಾ ಅಂದರು. ರಾತ್ರಿಯೆಲ್ಲ ನಿದ್ದೆಗೆಟ್ಟ ಹೆಣ್ಣುಮಗಳು, ಅಷ್ಟು ದೊಡ್ಡ ಮೇಷ್ಟ್ರಿಗೆ ಎರಡೆರಡು ಸಲ ಹೇಳುವುದೇ ಎಂದುಕೊಂಡಳೋ ಏನೋ, ಹೊರಟುಹೋದಳು.

ಮುಂದಿನ ಪಾಠಕ್ಕೆ ಮೇಷ್ಟ್ರು ಅದೇ ಹಿಡಿಯನ್ನು ಮೇಜಿನ ಮೇಲಿಟ್ಟರು. "ಇವತ್ತು ನೆಲ, ಅಂದ್ರೆ ಬಣ್ಣ ಕೂರೋ ಮೈ, ಸಿದ್ಧ ಮಾಡೋದು. ಮುಖ ಬರೆಯೋದು ಮೂರು ದಿನದ ಕೆಲಸ, ನೆಲ ಮಾಡೋದು ವಾರದ ಕೆಲಸ. ಇಲ್ಲಿ ಸೋಮಾರಿತನ ಮಾಡಿದ್ರೆ ಅಲ್ಲಿ ಮೂಗು ಬಿರುಕು ಬಿಡುತ್ತೆ." ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಈಚೆ ಕಡೆ ಉಬ್ಬು. ಮುಖ ಬರೆದರೆ ಕೆನ್ನೆ ಜಾರಿದ ಹಾಗೆ ಕಾಣುತ್ತದೆ. ಕುಳಿಯಿರುವ ಕಡೆಯೇ ಅಗಲ. "ಮರದಲ್ಲಿ ಕುಳಿ ಅಂದ್ರೆ ಮುಖದಲ್ಲಿ ಸಿಡುಬಿನ ಕಲೆ ಇದ್ದ ಹಾಗೆ. ಮೊದಲು ತುಂಬ್ಬೇಕು."

ಟೈಲರಮ್ಮ ತಲೆಯೆತ್ತಿದಳು. "ಸರ್, ಅವರು ಆ ಕುಳಿ ಮುಟ್ಬೇಡಿ ಅಂದ ಹಾಗಿತ್ತು."

ಎದುರಿಗೆ ಮ್ಯಾನೇಜರಿದ್ದರು, ಡಾಕ್ಟರಮ್ಮನಿದ್ದರು. ಮೇಷ್ಟ್ರ ಹುಬ್ಬು ಗಂಟಿಕ್ಕಿತು. "ನೀವಿಲ್ಲಿ ಕಲಿಯೋಕೆ ಬಂದಿದ್ದೀರೋ, ಕಲಿಸೋಕೆ ಬಂದಿದ್ದೀರೋ? ಗಿರಾಕಿಗಳು ನೂರು ಹೇಳ್ತಾರೆ. ನಿಮ್ಮ ಅಂಗಡಿಯಲ್ಲಿ ಬಂದವರು ಹೇಳಿದ ಹಾಗೇ ಕತ್ತರಿ ಆಡಿಸಿದ್ರೆ ಒಂದು ಲಂಗಾನೂ ನೆಟ್ಟಗೆ ನಿಲ್ಲಲ್ಲ."

ಮ್ಯಾನೇಜರು ನಕ್ಕರು. ಟೈಲರಮ್ಮ ತನ್ನ ಕೈಯಲ್ಲಿದ್ದ ಬಿಲ್ಲೆಗೆ ಉಪ್ಪುಕಾಗದ ತಿಕ್ಕುವುದನ್ನು ಮುಂದುವರಿಸಿದಳು. ಅವಳ ಕಿವಿಯ ತುದಿ ಮಾತ್ರ ಕೆಂಪಾಗಿತ್ತು.

ಮೇಷ್ಟ್ರು ಕುಳಿಯ ಅಂಚನ್ನು ಉಪ್ಪುಕಾಗದದಿಂದ ತಿಕ್ಕಿ ಸವೆಸಿದರು. ಬಿಸಿ ಅಂಟಿಗೆ ಸೀಮೆಸುಣ್ಣದ ಪುಡಿ ಕಲಸಿ, ಕುಳಿಗೆ ತುಂಬಿ, ಒಣಗಿಸಿ, ತಿಕ್ಕಿ, ಮತ್ತೆ ಬಳಿದರು. ಹಾಗೆ ಮೂರು ಸಲ. ಕೊನೆಗೆ ಆ ಜಾಗ ಮೊಟ್ಟೆಯ ಚಿಪ್ಪಿನ ಹಾಗೆ ನುಣ್ಣಗಾಯಿತು. ಗಡಸು ಪೆನ್ಸಿಲಿನಲ್ಲಿ ಅಂಡಾಕಾರ ಎಳೆದು, ಅಳಿಲಿನ ಬಾಲದ ನಾಲ್ಕೇ ಕೂದಲಿನ ಕುಂಚ ಹಿಡಿದು ಕೂತರು. ಕಿರುಬೆರಳನ್ನು ಮೇಜಿಗೆ ಊರಿ, ಬಣ್ಣದ ತುದಿಯನ್ನು ಎಡಗೈ ಉಗುರಿನ ಮೇಲೆ ಒಮ್ಮೆ ಒತ್ತಿ ನೋಡಿ, ಉಸಿರು ಬಿಗಿಹಿಡಿದು ಒಂದು ಚುಕ್ಕೆ. ಉಸಿರು ಬಿಟ್ಟು ಮತ್ತೊಂದು. "ಗೆರೆ ಎಳೀಬೇಡಿ, ಗೆರೆ ಸುಳ್ಳು ಹೇಳುತ್ತೆ. ಚುಕ್ಕೆಗಳು ಒಟ್ಟು ಸೇರಿ ಸತ್ಯ ಹೇಳ್ತಾವೆ," ಎಂದು ಪಾಠವನ್ನೂ ಹೇಳಿದರು. ಕೊನೆಯ ದಿನ ಕಣ್ಣುಗಳು. ಎಲ್ಲಕ್ಕಿಂತ ಕೊನೆಗೆ, ಪ್ರತಿ ಕಣ್ಣಿಗೆ ಸಾಸಿವೆಯ ನೂರರಲ್ಲೊಂದು ಪಾಲಿನಷ್ಟು ಬಿಳಿ. ಅದನ್ನಿಟ್ಟ ಕೂಡಲೇ ಠಸ್ಸೆ ಹೊಡೆಯುವ ಮನುಷ್ಯ ತಲೆಯೆತ್ತಿ, ಮುಂದಿನ ಕಾಗದ ಕೊಡಿ ಅನ್ನುವ ಹಾಗೆ ನೋಡಿದ. ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ಅಂಥ ಮುಖ ತಮ್ಮ ಕೈಯಿಂದ ಹಿಂದೆ ಬಂದಿರಲಿಲ್ಲ, ಮುಂದೆ ಬರುವುದೂ ಅನುಮಾನ ಎಂದು ಮೇಷ್ಟ್ರಿಗೇ ಅನ್ನಿಸಿತು.

ಹದಿನೈದನೆಯ ದಿನ ನರ್ಸ್ ಬಂದಾಗಲೂ ಪಾಠ ನಡೆಯುತ್ತಿತ್ತು. ಜೊತೆಯಲ್ಲಿ ಅವಳ ತಾಯಿ ಇದ್ದರು. ಮಗಳ ಮೊಣಕೈ ಹಿಡಿದು, ಹೊಸ್ತಿಲನ್ನು ಕಾಲಿನಿಂದ ತಡವಿ ಒಳಗೆ ಬಂದರು. ಮೇಷ್ಟ್ರು ಆಗ ನೋಡಿದರು: ಆಕೆಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ.

"ಅಮ್ಮಂಗೆ ಮೊದಲು ಕೊಡಿ ಸರ್," ಎಂದಳು ನರ್ಸ್. "ಹದಿನೈದು ದಿನದಿಂದ ಕೈ ಬರಿದಾಗಿದೆ ಅಂತ ಒಂದೇ ಸಮನೆ ಹೇಳ್ತಿದ್ರು. ದಿನಾ ಇದನ್ನ ಹಿಡ್ಕೊಂಡೇ ಕೂತಿರ್ತಾರೆ."

ಮೇಷ್ಟ್ರು ಎದ್ದು ಹತ್ತಿರ ಬಂದರು. ಹಿಡಿಯನ್ನು ಆಕೆಯ ಅಂಗೈಯಲ್ಲಿಟ್ಟರು.

ಮುದುಕಿ ಬೆರಳು ಮಡಚಿದರು. ಹೆಬ್ಬೆರಳು ತನ್ನ ಜಾಗಕ್ಕೆ ತಾನೇ ಹೋಯಿತು. ಹೋಗಿ, ನುಣುಪಿನ ಮೇಲೆ ಜಾರಿತು. ಹಿಡಿಯನ್ನು ತಿರುಗಿಸಿದರು. ಮತ್ತೆ ತಿರುಗಿಸಿದರು. ಕತ್ತಲಲ್ಲಿ ಬಾಗಿಲ ಚಿಲಕ ಹುಡುಕುವವರ ಹಾಗೆ ಆ ಬೆರಳು ಮರದ ಸುತ್ತ ಸುತ್ತಿತು.

"ಇದು ಅವರದ್ದಲ್ಲ," ಎಂದರು ಕೊನೆಗೆ.

ನರ್ಸ್ ಹಿಡಿಯನ್ನು ಇಸಿದುಕೊಂಡು ನೋಡಿದಳು. ಮುಖ ಕಂಡಿತು. ಅದು ಎಲ್ಲಿದೆ ಎಂಬುದೂ ಕಂಡಿತು. "ಸರ್, ಕುಳಿ ಮುಟ್ಬೇಡಿ ಅಂತ ಹೇಳಿದ್ನಲ್ಲ ಸರ್? ಅಪ್ಪನ ಹೆಬ್ಬೆರಳಿದ್ದ ಕಡೆ ಅಮ್ಮ ತಮ್ಮ ಬೆರಳಿಡ್ತಾರೆ. ಅವರಿಗೆ ಫೋಟೋ ಕಾಣುತ್ತಾ? ಅದೇ ಅಲ್ವಾ ಇದ್ದದ್ದು?"

ತಪ್ಪಾಯಿತು ಅನ್ನುವುದು ಎಷ್ಟು ಹೊತ್ತಿನ ಮಾತು? ನಾಲಿಗೆಯ ತುದಿಯವರೆಗೆ ಬಂದಿತ್ತು. ಮ್ಯಾನೇಜರು ನೋಡುತ್ತಿದ್ದರು, ಡಾಕ್ಟರಮ್ಮ ನೋಡುತ್ತಿದ್ದರು. ಮೇಷ್ಟ್ರ ಬಾಯಿಂದ ಬಂದ ಮಾತು ಬೇರೆ.

"ನಮ್ಮಲ್ಲಿ ಕಲಿಯೋಕೆ ಬರೋರೊಬ್ರು ಗೊತ್ತಿಲ್ದೆ ತುಂಬಿಬಿಟ್ರಮ್ಮ. ಹೊಸಬರು. ನಾನು ನೋಡೋ ಹೊತ್ತಿಗೆ ಒಣಗಿಹೋಗಿತ್ತು. ಏನ್ ಮಾಡ್ಲಿ?"

ಹೇಳುವಾಗ ಅವರ ಕಣ್ಣು ಮೂಲೆಯ ಕುರ್ಚಿಯ ಕಡೆ ಹೋಗಿಬಂತು. ಅಷ್ಟೇ ಸಾಕಾಯಿತು. ನರ್ಸ್ ಟೈಲರಮ್ಮನನ್ನು ನೋಡಿದಳು. ಟೈಲರಮ್ಮನ ಕೈಯಿಂದ ಕುಂಚ ನೀರಿನ ಲೋಟಕ್ಕೆ ಬಿತ್ತು. ಅವಳು ಮೇಷ್ಟ್ರನ್ನು ನೋಡಿದಳು. ಕೋಪದಿಂದಲ್ಲ, ದಾರಿಯಲ್ಲಿ ಗುರುತಿನವರು ಅಂದುಕೊಂಡು ಹತ್ತಿರ ಹೋದಾಗ ಅವರಲ್ಲ ಎಂದು ಗೊತ್ತಾದರೆ ನೋಡುತ್ತೇವಲ್ಲ, ಹಾಗೆ. ಆಮೇಲೆ ತಲೆ ತಗ್ಗಿಸಿದಳು. ನಿಜ ಗೊತ್ತಿದ್ದ ಇನ್ನಿಬ್ಬರೂ ತಮ್ಮ ತಮ್ಮ ಬಿಲ್ಲೆ ನೋಡಿಕೊಂಡರು.

"ಇದನ್ನ ನೀವೇ ಇಟ್ಕೊಳ್ಳಿ ಮೇಷ್ಟ್ರೇ," ಎಂದರು ಮುದುಕಿ. "ನಡಿಯಮ್ಮ, ಹೋಗೋಣ."

ಆ ಮಧ್ಯಾಹ್ನ ಹೆಂಡತಿ ಊಟಕ್ಕೆ ಬಡಿಸಿ ಎದುರಿಗೆ ಕೂತರು. ಅಡುಗೆಮನೆಗೂ ಮುಂದಿನ ಕೋಣೆಗೂ ನಡುವೆ ಇದ್ದದ್ದು ಒಂದು ಪರದೆ.

"ಎಲ್ಲಾ ಕೇಳಿಸ್ತು," ಎಂದರು.

"ಏನು ಕೇಳಿಸ್ತು?"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವು ಪಕ್ಕದಲ್ಲಿದ್ದವಳ ಕಾಲು ಡೊಂಕು ಅಂದ್ರಿ."

ಮೇಷ್ಟ್ರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತುತ್ತು ಬಾಯಲ್ಲೇ ತಿರುಗಿತು. ಕೈ ತೊಳೆದುಕೊಂಡು ಎದ್ದರು.

ಮುಂದಿನ ಪಾಠಕ್ಕೆ ಟೈಲರಮ್ಮ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಖಾಲಿ ಕುರ್ಚಿಯನ್ನು ನೋಡಿ ಮ್ಯಾನೇಜರು ಕೆಮ್ಮಿದರು, ಅಷ್ಟೇ. ಮೇಷ್ಟ್ರು ಪೇಟೆಗೆ ಹೋಗುವಾಗ ಅವಳ ಅಂಗಡಿಯಿದ್ದ ಬೀದಿ ಬಿಟ್ಟು ಸುತ್ತುಬಳಸಿ ಹೋಗತೊಡಗಿದರು. ಮೇಜಿನ ಮೇಲೆ ಠಸ್ಸೆ ಹಿಡಿ ಇತ್ತು. ಅದರ ಮೇಲಿನ ಮನುಷ್ಯ ನೋಡುತ್ತಲೇ ಇದ್ದ. ಡ್ರಾಯರಿನಲ್ಲಿ ಹಾಕಿದರು, ಡ್ರಾಯರು ತೆಗೆದಾಗಲೆಲ್ಲ ನೋಡಿದ.

ಹತ್ತನೆಯ ದಿನ ಬೆಳಿಗ್ಗೆ ಅವರು ಒಂದು ತೀರ್ಮಾನಕ್ಕೆ ಬಂದರು. ಬಾಗಿಲು ಹಾಕಿಕೊಂಡು, ಭೂತಗನ್ನಡಿ ಕಟ್ಟಿಕೊಂಡು, ಮೊದಲು ಹಿಡಿಯ ಮೇಲೆ ಬಳಿದಿದ್ದ ವಾರ್ನಿಷನ್ನು ಬ್ಲೇಡಿನಿಂದ ಕೆರೆದರು. ಕಣ್ಣಿನ ಬಿಳಿ ಮೊದಲ ಏಟಿಗೇ ಹೋಯಿತು. ಆಮೇಲೆ ಕಣ್ಣು, ಹುಬ್ಬು, ಹೊಗಳಿದ್ದ ಆ ಗದ್ದ. ಬಿಸಿನೀರಿನ ಬಟ್ಟೆ ಒತ್ತಿಹಿಡಿದಾಗ ಸುಣ್ಣದ ಗಾರೆ ಮೆತ್ತಗಾಗಿ, ಕೆನೆಯ ಹಾಗೆ ಎದ್ದು ಬಂತು. ಹತ್ತಿಯಿಂದ ಒರೆಸಿ ಒರೆಸಿ ಕುಳಿಯನ್ನು ಬರಿದು ಮಾಡಿದರು. ನನ್ನ ಕೈಯಾರೆ ನನ್ನ ಅತ್ಯುತ್ತಮ ಕೆಲಸವನ್ನು ಅಳಿಸುತ್ತಿದ್ದೇನೆ ಎಂಬ ನೋವು ಇತ್ತು. ನಿಜ ಹೇಳಬೇಕೆಂದರೆ, ಆ ನೋವಿನೊಳಗೆ ಒಂದು ಚೂರು ಸುಖವೂ ಇತ್ತು: ಇಂಥ ತ್ಯಾಗ ಯಾರು ಮಾಡುತ್ತಾರೆ?

ಮರ ಒಣಗಿದ ಮೇಲೆ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನರ್ಸಿನ ಮನೆಗೆ ಹೋದರು. ಎರಡನೆಯ ಮಹಡಿ, ಮೆಟ್ಟಿಲು ಕಡಿದು. ಮುದುಕಿ ಕಿಟಕಿಯ ಹತ್ತಿರ ಕೂತಿದ್ದರು, ಮಗಳು ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು.

ಮೇಷ್ಟ್ರು ನಿಂತೇ ಹೇಳಿದರು. "ಆವತ್ತು ನಾನು ಹೇಳಿದ್ದು ಸುಳ್ಳು. ಕುಳಿ ತುಂಬಿದ್ದು ನಾನೇ. ನಿಮ್ಮ ಮಗಳು ಬೇಡ ಅಂದದ್ದನ್ನ ನಾನು ಕಿವಿ ಮೇಲೆ ಹಾಕ್ಕೊಳ್ಲಿಲ್ಲ. ಪಾಠಕ್ಕೆ ಬರೋ ಟೈಲರಮ್ಮ ನೆನಪಿಸಿದ್ರೂ ಕೇಳ್ಲಿಲ್ಲ."

"ಗೊತ್ತು ಮೇಷ್ಟ್ರೇ," ಎಂದರು ಮುದುಕಿ.

"ಗೊತ್ತಾ?"

"ನೀವು ಹಾಗಂದ ಕೂಡ್ಲೇ ಮೂಲೇಲಿ ಏನೋ ನೀರಿಗೆ ಬಿತ್ತು. ಆಮೇಲೆ ಯಾರೂ ಉಸಿರಾಡ್ಲಿಲ್ಲ. ತಪ್ಪು ಮಾಡಿದವರು ಹಾಗೆ ಸುಮ್ಮನಿರಲ್ಲ, ಏನಾದ್ರೂ ಅಂತಾರೆ. ಕಣ್ಣಿಲ್ದವಳ ಮುಂದೆ ಸುಳ್ಳು ಹೇಳೋದು ಕಷ್ಟ."

ಹತ್ತು ದಿನ ಎದೆಯಲ್ಲಿ ಹೊತ್ತು ತಂದ ಗುಟ್ಟು ಆ ಮನೆಯಲ್ಲಿ ಮೊದಲ ದಿನದಿಂದಲೇ ಕೂತಿತ್ತು. ಮೇಷ್ಟ್ರು ಹಿಡಿಯನ್ನು ಆಕೆಯ ಕೈಗಿಟ್ಟರು. ಹೆಬ್ಬೆರಳು ಕುಳಿಗೆ ಇಳಿಯಿತು. ಅಲ್ಲಿ ಸ್ವಲ್ಪ ಆಚೀಚೆ ಆಡಿತು.

"ಅಂಚು ಇಲ್ಲ," ಎಂದರು. "ಇಲ್ಲಿ ಒಂದು ಏಣು ಇತ್ತು, ಅವರ ಉಗುರಿನ ಪಕ್ಕ ತಾಗೋದು. ಈಗ ಬರೀ ಗುಳಿ. ಯಾರ ಬೆರಳಿಗಾದ್ರೂ ಆಗುತ್ತೆ."

"ಉಪ್ಪುಕಾಗದ ಹಾಕಿದ್ದೆ," ಎಂದರು ಮೇಷ್ಟ್ರು.

ಮಗಳು ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಹತ್ತಿರ ಬಂದಳು. ಹಿಡಿಯ ಮೇಲೆ ಬಗ್ಗಿದಳು. "ಅಪ್ಪನ ಮುಖ ಎಲ್ಲಿ?"

"ಅಳಿಸಿದೆನಮ್ಮ. ಅಳಿಸದೆ ಕುಳಿ ಬರ್ತಿರಲಿಲ್ಲ."

"ಅಳಿಸಿದ್ರಾ?" ಅವಳ ಮುಖ ಬಿಳುಚಿತು. "ನಾನು ನಾಳೆ ಬಂದು ಇಸ್ಕೊಂಡು ಹೋಗೋಣ ಅಂತಿದ್ದೆ. ಅಮ್ಮಾನೇ ಹೇಳಿದ್ರು, ಹೋಗ್ಲಿ, ಮಕ್ಕಳಿಗಾದ್ರೂ ಇರ್ಲಿ ಅಂತ. ಎಷ್ಟು ಚೆನ್ನಾಗಿತ್ತು ಸರ್ ಅದು, ಥೇಟ್ ಅಪ್ಪನೇ. ಅಮ್ಮಂಗೆ ಕುಳಿ ಹೋಯ್ತು, ನಮಗೆ ಮುಖಾನೂ ಹೋಯ್ತು. ಅಳಿಸೋಕೆ ಮುಂಚೆ ನಮ್ಮನ್ನ ಒಂದು ಮಾತು ಕೇಳಿದ್ರಾ?"

ಕೇಳಿರಲಿಲ್ಲ. ಕೇಳಬೇಕು ಎಂದು ಹೊಳೆದೂ ಇರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಅದು ಎರಡನೆಯ ಮಹಡಿಯಲ್ಲಿ ಆಗುವ ಮಾತಲ್ಲ. ಮೇಷ್ಟ್ರು ನೆಲದ ಕಲ್ಲಿನ ಗೆರೆ ನೋಡುತ್ತಾ ನಿಂತರು. ಈಚೆ ಕಡೆಗೆ ಮತ್ತೆ ಬರೆದುಕೊಡುತ್ತೇನೆ ಎಂದು ಗೊಣಗಿದರು.

"ಬೇಡ ಸರ್," ಎಂದಳು ಮಗಳು. ಗಟ್ಟಿಯಾಗಿ ಹೇಳಲಿಲ್ಲ. ಹಿಡಿಯನ್ನು ತಾಯಿಯ ಕೈಯಿಂದ ತೆಗೆಯಲೂ ಇಲ್ಲ.

ಹೊರಡುವಾಗ ಮುದುಕಿ ಕೇಳಿದರು: "ಆ ಹುಡುಗಿ ಹತ್ರ ಹೋಗಿದ್ರಾ?"

"ಇಲ್ಲ."

"ನಮ್ಮ ಹತ್ರ ಮೊದಲು ಬಂದ್ರಾ?" ಆಕೆಯ ಹುಬ್ಬು ಮೇಲೇರಿತು.

ಅಲ್ಲಿಂದ ನೇರ ಅಂಗಡಿಗೆ ಹೋದರು. ಮನೆಗೆ ಹೋದರೆ ಮತ್ತೆ ಹೊರಡಲಾರೆ ಎಂದು ಅವರಿಗೆ ಗೊತ್ತಿತ್ತು. ಟೈಲರಮ್ಮ ಮಿಷನ್ನಿನ ಮುಂದೆ ಕೂತಿದ್ದಳು. ಇಬ್ಬರು ಹೆಂಗಸರು ಅಳತೆ ಕೊಡಲು ಕಾಯುತ್ತಿದ್ದರು. ಇಸ್ತ್ರಿಯವನೊಬ್ಬ ಬಾಗಿಲಿಗೊರಗಿ ನಿಂತಿದ್ದ. ಎಲ್ಲರೂ ಹೋಗಲಿ ಎಂದು ಕಾಯಬಹುದಿತ್ತು. ಅವಮಾನ ಮಾಡುವಾಗ ನಾಲ್ಕು ಜನರ ಮುಂದೆ, ಕ್ಷಮೆ ಕೇಳುವಾಗ ಒಬ್ಬಳೇ ಇದ್ದಾಗ. ಅದು ಯಾವ ನ್ಯಾಯ ಎಂದುಕೊಂಡರು.

"ಠಸ್ಸೆ ಹಿಡಿ ಕೆಡಿಸಿದ್ದು ನಾನು. ನೀವು ಬೇಡ ಅಂದಿದ್ರಿ. ನಾನು ನಿಮ್ಮ ಮೇಲೆ ಹಾಕಿದೆ. ಅವರ ಮನೆಗೆ ಹೋಗಿ ಹೇಳಿಬಂದೆ. ನಿಮ್ಮ ಹತ್ರ ಮೊದಲು ಬರ್ಬೇಕಿತ್ತು. ತಪ್ಪಾಯ್ತು."

ಮಿಷನ್ ನಿಂತಿತು. ಅಳತೆಗೆ ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೈಲರಮ್ಮ ದಾರವನ್ನು ಹಲ್ಲಿನಿಂದ ಕಡಿದಳು.

"ಮೊದಲ ದಿನ ನಂಗೆ ಸಿಟ್ಟು ಬಂತು ಸರ್," ಎಂದಳು. "ಎರಡನೇ ದಿನ ಏನನ್ನಿಸ್ತು ಗೊತ್ತಾ? ನಾನೇ ತುಂಬಿದ್ನೋ ಏನೋ ಅಂತ. ಅಷ್ಟು ದೊಡ್ಡವರು ಸುಳ್ಳು ಹೇಳ್ತಾರಾ, ನಂಗೇ ಮರೆತುಹೋಗಿರ್ಬೇಕು ಅಂತ. ಕೂತು ಕೂತು ಒಂದೊಂದೇ ನೆನಪು ಮಾಡ್ಕೊಂಡೆ, ನನ್ನ ಕೈಯಲ್ಲಿ ಆವತ್ತು ಏನಿತ್ತು ಅಂತ. ಅದಕ್ಕೆ ನಂಗೆ ನಿಮ್ಮ ಮೇಲೆ ಬೇಜಾರು. ಮಿಕ್ಕಿದ್ದು ಹೋಗ್ಲಿ."

"ಪಾಠಕ್ಕೆ ಬನ್ನಿ. ಅವರಿಬ್ಬರ ಮುಂದೆಯೂ ಹೇಳ್ತೀನಿ."

"ಅವರಿಗೆ ಆವತ್ತೇ ಗೊತ್ತಿತ್ತಲ್ಲ ಸರ್." ಅವಳು ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿದಳು. "ನಾನು ಬರಲ್ಲ. ನೀವು ಹೋಗಿಬನ್ನಿ."

ಮೇಷ್ಟ್ರು ಮುಂದಿನ ಪಾಠದಲ್ಲಿ ಹೇಳಿಯೇ ಹೇಳಿದರು. ಮ್ಯಾನೇಜರು, "ಬಿಡಿ ಮೇಷ್ಟ್ರೇ, ಆಗುತ್ತೆ," ಎಂದರು. ಆ ಮಾತು ಮೇಷ್ಟ್ರಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಡಾಕ್ಟರಮ್ಮ ತಿಂಗಳ ಕೊನೆಗೆ ಕೆಲಸ ಜಾಸ್ತಿಯೆಂದು ಬರುವುದು ನಿಲ್ಲಿಸಿದರು. ಮೇಷ್ಟ್ರು ಪಾಠ ಬಿಡಲಿಲ್ಲ. ಆದರೆ ಯಾರಾದರೂ ಸಾಮಾನು ತಂದರೆ, ಅವರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಓದಿ ಹೇಳಿ, ಸರಿಯಾ ಎಂದು ಕೇಳತೊಡಗಿದರು. ಮುದಿ ವಯಸ್ಸಿನಲ್ಲಿ ಮರೆವು ಬಂದಿರಬೇಕು ಎಂದು ಜನ ಅಂದುಕೊಂಡರು. ಅವರು ತಿದ್ದಲು ಹೋಗಲಿಲ್ಲ.

ಎಂಟು ತಿಂಗಳ ಮೇಲೆ ಒಂದು ದಿನ ಬಸ್ಸಿನಲ್ಲಿ ಅವರ ಪಕ್ಕ ಒಬ್ಬ ತಾಯಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತಳು. ಮಗುವಿನ ಫ್ರಾಕಿನ ಮುಂಭಾಗದಲ್ಲಿ ಐದು ಮರದ ಗುಂಡಿ. ಒಂದೊಂದರ ಮೇಲೂ ಒಂದೊಂದು ಮುಖ. ಮೇಷ್ಟ್ರು ಜೇಬಿನಿಂದ ಭೂತಗನ್ನಡಿ ತೆಗೆದು, "ನೋಡ್ಬಹುದೇನಮ್ಮ?" ಎಂದು ಕೇಳಿ, ಬಗ್ಗಿದರು.

ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಕೊನೆಯದು ಮಗುವಿನದೇ. ಗೆರೆ ಇರಲಿಲ್ಲ, ಎಲ್ಲ ಚುಕ್ಕೆ. ಅಜ್ಜಿಯ ಮುಖ ಬರೆದ ಗುಂಡಿಯಲ್ಲಿ ಮರದ ಒಂದು ಸಣ್ಣ ಸೀಳಿತ್ತು. ಅದನ್ನು ತುಂಬಿರಲಿಲ್ಲ, ಹಾಗೇ ಬಿಟ್ಟು, ಕೆನ್ನೆಯ ಸುಕ್ಕು ಅದರ ಮೇಲೇ ಬರುವ ಹಾಗೆ ಬರೆದಿತ್ತು. ಅಂಥದ್ದು ಮೇಷ್ಟ್ರು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಅವರಿಗೇ ಗೊತ್ತಿರಲಿಲ್ಲ.

"ನಮ್ಮ ಟೈಲರಮ್ಮ ಮಾಡ್ಕೊಟ್ಟಿದ್ದು," ಎಂದಳು ತಾಯಿ ಹೆಮ್ಮೆಯಿಂದ. "ಚೆನ್ನಾಗಿದೆ ಅಲ್ವಾ? ಅವರಿಗೆ ಯಾರು ಕಲಿಸಿದ್ರೋ ಏನೋ."

ಮೇಷ್ಟ್ರ ತುಟಿ ಅಲುಗಿತು. ಹಿಂದೆಯಾಗಿದ್ದರೆ ಇಡೀ ಬಸ್ಸಿಗೆ ಕೇಳಿಸುತ್ತಿತ್ತು.

"ಅವರೇ ಕಲ್ತಿರ್ಬೇಕಮ್ಮ," ಎಂದರು. ಕನ್ನಡಿಯನ್ನು ಜೇಬಿಗೆ ಹಾಕಿಕೊಂಡು, ಇಳಿಯುವ ಜಾಗ ಇನ್ನೂ ಎರಡು ನಿಲ್ದಾಣ ದೂರವಿದ್ದರೂ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು.